ಕಲ್ಲಿನ ಬುಡದಲ್ಲೊಂದು ಪೇಟೆಯಿತ್ತು

ನಮ್ಮ ಜಿಲ್ಲೆಯ ಬೆಟ್ಟಗುಡ್ಡಗಳ ಬಗ್ಗೆ ಬರುವ ಲೇಖನಗಳನ್ನು ನೀವೂ ಓದಿರುತ್ತೀರಿ. ಭಾನುವಾರದ ಪುರವಣಿಗಳಲ್ಲಿ, ದೀಪಾವಳಿ ವಿಶೇಷಾಂಕಗಳಲ್ಲಿ, ಶಾಲೆಗಳ ವಾರ್ಷಿಕ ಸಂಚಿಕೆಗಳಲ್ಲಿ ಅವು ತಪ್ಪದೆ ಬರುತ್ತವೆ. ಬೆಳಗ್ಗೆ ಬೇಗ ಎದ್ದದ್ದು, ವ್ಯಾನು ಹೊರಟದ್ದು, ದಾರಿಯಲ್ಲಿ ಇಡ್ಲಿ ತಿಂದದ್ದು, ಹತ್ತುವಾಗ ಉಸಿರು ಕಟ್ಟಿದ್ದು, ಮೇಲೆ ತಂಗಾಳಿ ಬೀಸಿದ್ದು, ಕಣ್ಣು ಹಾಯಿಸಿದಷ್ಟೂ ಹಸಿರು ಕಂಡದ್ದು, ಕೊನೆಗೆ ‘ಒಲ್ಲದ ಮನಸ್ಸಿನಿಂದ’ ಇಳಿದದ್ದು. ನಡುವೆ ಎರಡೇ ಸಾಲಿನಲ್ಲಿ ಚರಿತ್ರೆ. ಯಾರೋ ಒಬ್ಬ ರಾಜ ಕಟ್ಟಿಸಿದ, ಯಾರೋ ಒಬ್ಬ ಗೆದ್ದ, ಅಷ್ಟೆ. ಬೆಟ್ಟದ ಹೆಸರನ್ನು ಕೈಯಿಂದ ಮುಚ್ಚಿ ಓದಿದರೆ ಅದು ಕಾರಿಂಜವೋ, ನರಹರಿ ಪರ್ವತವೋ, ಗಡಾಯಿಕಲ್ಲೋ ಹೇಳಲಾಗದು.

ಇಂಥ ಬರಹಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಕತೆ, ಕವಿತೆ, ಕಾದಂಬರಿಗೆ ವಿಮರ್ಶಕರಿದ್ದಾರೆ. ಪ್ರವಾಸದ ಲೇಖನಕ್ಕೆ ವಿಮರ್ಶೆ ಯಾಕೆ ಎಂದು ನೀವು ಕೇಳಬಹುದು. ಆದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವುದು ಇಂಥವೇ ಅಲ್ಲವೇ? ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಅರ್ಧ ಗಂಟೆ ಕಾಲು ಚಾಚಿದಾಗ ನಮ್ಮ ಕೈಗೆ ಸಿಗುವುದು ಪುರವಣಿಯೇ. ಮಕ್ಕಳು ಪ್ರಬಂಧ ಬರೆಯಲು ಕಲಿಯುವುದೂ ಅಲ್ಲಿಂದಲೇ. ಮೂವತ್ತು ವರ್ಷ ಶಾಲೆಯಲ್ಲಿ ‘ನಾನು ಮಾಡಿದ ಪ್ರವಾಸ’ ಎಂಬ ಪ್ರಬಂಧವನ್ನು ತಿದ್ದುತ್ತಾ ಬಂದವಳು ನಾನು. ‘ರಮಣೀಯ’, ‘ಮನಮೋಹಕ’, ‘ಪ್ರಕೃತಿಯ ಮಡಿಲು’ ಎಂಬ ಮಾತುಗಳು ಹತ್ತು ವರ್ಷದ ಹುಡುಗಿಯ ಪುಸ್ತಕಕ್ಕೆ ಎಲ್ಲಿಂದ ಬಂದವು ಎಂದು ನನಗೆ ಚೆನ್ನಾಗಿ ಗೊತ್ತು. ಆ ವಯಸ್ಸಿನ ಮಗು ತಾನಾಗಿ ‘ರಮಣೀಯ’ ಎನ್ನುವುದಿಲ್ಲ. ಅದು ‘ಕಾಲು ನೋಯಿತು, ಮೇಲೆ ಗಾಳಿ ಜೋರಿತ್ತು’ ಎನ್ನುತ್ತದೆ. ಆ ಒಳ್ಳೆಯ ವಾಕ್ಯವನ್ನು ಹೊಡೆದು ಹಾಕಿ ‘ರಮಣೀಯ’ ಬರೆಸುವವರು ನಾವು ದೊಡ್ಡವರು.

ಉದಾಹರಣೆಗೆ ಗಡಾಯಿಕಲ್ಲನ್ನೇ ತೆಗೆದುಕೊಳ್ಳುತ್ತೇನೆ. ಮಂಗಳೂರಿನಿಂದ ಬಂಟ್ವಾಳ, ಗುರುವಾಯನಕೆರೆಯ ಮೂಲಕ ಬೆಳ್ತಂಗಡಿಗೆ ಹೋದರೆ ಅಲ್ಲಿಂದ ಎಂಟು ಕಿಲೋಮೀಟರಿನ ಆಸುಪಾಸಿನಲ್ಲಿ ನೆಲದಿಂದ ಎದ್ದು ನಿಂತ ಒಂದೇ ದೊಡ್ಡ ಕಲ್ಲು. ಸುತ್ತ ಅಡಿಕೆ ತೋಟ, ರಬ್ಬರು, ಗದ್ದೆ, ಹಾಡಿ. ಹಿಂದುಗಡೆ ಘಟ್ಟದ ಸಾಲು. ಎತ್ತರ ಸುಮಾರು 1700 ಅಡಿ ಎನ್ನುತ್ತಾರೆ. ಕಲ್ಲನ್ನೇ ಕಡಿದು ಮಾಡಿದ ಮೆಟ್ಟಿಲುಗಳು, ಮೇಲೆ ಕೋಟೆಯ ಗೋಡೆಯ ತುಂಡುಗಳು, ಮಳೆಯ ನೀರು ನಿಲ್ಲುವ ಒಂದು ಕೆರೆ. ಈ ಕಲ್ಲು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದರಿಂದ ಅರಣ್ಯ ಇಲಾಖೆಯ ಕೈಯಲ್ಲಿದೆ.

ಈ ಕಲ್ಲಿನ ಬಗ್ಗೆ ನಾನು ಓದಿದ ಲೇಖನಗಳೆಲ್ಲ ಒಂದು ಸಂಖ್ಯೆಯಿಂದ ಶುರುವಾಗುತ್ತವೆ: 1876 ಮೆಟ್ಟಿಲು. ಹತ್ತಿದವರೆಲ್ಲ ಎಣಿಸಿದ್ದಾರೋ, ಒಬ್ಬರು ಎಣಿಸಿದ್ದನ್ನು ಮಿಕ್ಕವರು ನಕಲು ಮಾಡಿದ್ದಾರೋ, ಅದು ಬೇರೆ ಮಾತು. ಎಣಿಸುವುದರಲ್ಲಿ ತಪ್ಪಿಲ್ಲ. ಆದರೆ ಅಷ್ಟು ಮೆಟ್ಟಿಲನ್ನು ಎಣಿಸಿದವರಿಗೆ ಅದನ್ನು ಕಡಿದವರು ಯಾರು ಎಂಬ ಪ್ರಶ್ನೆ ಒಂದು ಮೆಟ್ಟಿಲಿನ ಮೇಲಾದರೂ ಬರಬೇಕಿತ್ತು. ಅರೆಕಲ್ಲಿಗೆ ಉಳಿ ಹಾಕಿ ಹೊಡೆಯುವುದು ಎಂಥ ಕೆಲಸ ಎಂದು ಬಾವಿ ತೋಡಿಸಿದ ನಮ್ಮೂರಿನ ಹೆಂಗಸರಿಗೆ ಗೊತ್ತು. ಲೇಖನಗಳಲ್ಲಿ ಮಾತ್ರ ಕೋಟೆಯನ್ನು ‘ಟಿಪ್ಪು ಕಟ್ಟಿದ’. ಒಬ್ಬನೇ ಬಂದು ಕಟ್ಟಿ ಹೋದ ಹಾಗೆ!

ಆಮೇಲೆ ಹೆಸರಿನ ವಿಷಯ. ಈ ಕಲ್ಲಿಗೆ ಮೂರು ಹೆಸರಿದೆ. ನರಸಿಂಹಗಡ ಎಂಬುದು ಒಂದು. ಬುಡದಲ್ಲಿದ್ದ ಪೇಟೆಗೆ ನರಸಿಂಹ ಅಂಗಡಿ ಎಂಬ ಹೆಸರಿತ್ತೆಂದು ಕಂಪನಿ ಸರಕಾರದ ಕಾಲದ ಬರಹಗಳಲ್ಲಿದೆ. ಎರಡನೆಯದು ಜಮಾಲಾಬಾದ್. 1794ರಲ್ಲಿ ಟಿಪ್ಪು ಸುಲ್ತಾನ ಇಲ್ಲಿ ಕೋಟೆ ಮಾಡಿಸಿ ಇಟ್ಟ ಹೆಸರು. ಮೂರನೆಯದು ಊರಿನವರು ಕರೆಯುವ ಗಡಾಯಿಕಲ್ಲು. ಈಚಿನ ವರ್ಷಗಳಲ್ಲಿ ಮೊದಲನೆಯ ಹೆಸರು ಬರೆಯುವವರು ಒಂದು ಪಕ್ಷ, ಎರಡನೆಯದನ್ನು ಬರೆಯುವವರು ಇನ್ನೊಂದು ಪಕ್ಷ ಎಂಬಂತಾಗಿದೆ. ಲೇಖನದ ತಲೆಬರಹ ನೋಡಿದರೆ ಸಾಕು, ಒಳಗೆ ಟಿಪ್ಪು ವೀರನೋ ಕ್ರೂರಿಯೋ ಎಂದು ಹೇಳಿಬಿಡಬಹುದು. ಮುಂದೆ ಓದುವ ಕೆಲಸವೇ ಇಲ್ಲ.

ಜಮಾಲಾಬಾದ್ ಎಂಬ ಹೆಸರು ಟಿಪ್ಪುವಿನ ತಾಯಿ ಜಮಾಲಾಬಿಯಿಂದ ಬಂತೆಂದು ಎಲ್ಲರೂ ಬರೆಯುತ್ತಾರೆ. ಟಿಪ್ಪುವಿನ ತಾಯಿಯ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಫಾತಿಮಾ ಫಖ್ರುನ್ನೀಸಾ ಎಂದಿದೆ. ಅರಬ್ಬಿ ಭಾಷೆಯಲ್ಲಿ ಜಮಾಲ್ ಎಂದರೆ ಸೌಂದರ್ಯ. ಇವೆರಡನ್ನೂ ಎದುರುಬದುರು ಇಟ್ಟು ‘ಇದೇನು?’ ಎಂದು ಕೇಳಿದ ಒಂದು ಲೇಖನವನ್ನೂ ನಾನು ಕಂಡಿಲ್ಲ. ಆ ತಾಯಿ ಈ ಕಲ್ಲಿನ ಚರಿತ್ರೆಯಲ್ಲಿ ಬರುವ ಒಬ್ಬಳೇ ಹೆಂಗಸು. ಅವಳ ಹೆಸರನ್ನು ಸರಿಯಾಗಿ ವಿಚಾರಿಸುವಷ್ಟು ವ್ಯವಧಾನವೂ ನಮಗಿಲ್ಲ. ‘ತಾಯಿಯ ಮೇಲಿನ ಪ್ರೀತಿಯಿಂದ’ ಎಂದು ಒಂದು ಸಾಲು ಬರೆದು ಮುಂದಿನ ಮೆಟ್ಟಿಲಿಗೆ ಹೋಗಿಬಿಡುತ್ತೇವೆ.

ಮೂರನೆಯದು ಕೈದಿಗಳ ಕತೆ. ತಪ್ಪು ಮಾಡಿದವರನ್ನು, ಸೆರೆ ಸಿಕ್ಕವರನ್ನು ಈ ಕಲ್ಲಿನ ಮೇಲಿಂದ ಕೆಳಕ್ಕೆ ತಳ್ಳುತ್ತಿದ್ದರು ಎಂಬ ಮಾತು ಜನರಲ್ಲಿದೆ. ಲೇಖಕರಿಗೆ ಇದು ಬಹಳ ಪ್ರಿಯ. ‘ಕೆಳಗೆ ನೋಡಿದರೆ ಮೈ ಜುಮ್ಮೆನ್ನುತ್ತದೆ’ ಎಂದು ಬರೆದು ಮುಂದಿನ ಪ್ಯಾರಾದಲ್ಲಿ ಬುತ್ತಿ ಬಿಚ್ಚುತ್ತಾರೆ. ಕೆಲವರು ಇದಕ್ಕೆ 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದನ್ನು ಸೇರಿಸಿ ಕೋಟೆಯ ಕತೆಯಾಗಿಯೇ ಹೇಳುತ್ತಾರೆ. ಕೋಟೆಯಾದದ್ದು 1794ರಲ್ಲಿ. ಕಳೆಯುವ ಲೆಕ್ಕ ನಾಲ್ಕನೆಯ ತರಗತಿಯ ಮಗುವಿಗೂ ಬರುತ್ತದೆ. ನಡುವೆ ಹತ್ತು ವರ್ಷವಿದೆ. ಕಲ್ಲು ಮೊದಲೂ ಅಲ್ಲೇ ಇತ್ತು. ಆದ್ದರಿಂದ ಇಷ್ಟರಿಂದಲೇ ಯಾವುದನ್ನೂ ಸುಳ್ಳೆನ್ನುವ ಹಾಗಿಲ್ಲ. ಆದರೆ ಲೆಕ್ಕ ಮಾಡದೆ ಬರೆಯುವುದು ಆ ಸೆರೆಯ ನೆನಪನ್ನು ಇಂದಿಗೂ ಮನೆಮನೆಯಲ್ಲಿ ಇಟ್ಟುಕೊಂಡಿರುವ ಮಂಗಳೂರಿನ ಜನರಿಗೆ ಮಾಡುವ ಅಗೌರವ. ನೋವನ್ನು ನೋವಾಗಿ ಹೇಳುವವರು ವರ್ಷವನ್ನು ಸರಿಯಾಗಿ ಬರೆಯುತ್ತಾರೆ. ಮೈ ಜುಮ್ಮೆನ್ನಿಸುವವರಿಗೆ ವರ್ಷ ಯಾಕೆ?

ಇನ್ನು ನನಗೆ ಎಲ್ಲಕ್ಕಿಂತ ದೊಡ್ಡದೆನ್ನಿಸುವ ವಿಷಯಕ್ಕೆ ಬರುತ್ತೇನೆ. ಈ ಕಲ್ಲಿನ ಬುಡದಲ್ಲಿ ಒಂದು ಪೇಟೆಯಿತ್ತೆಂದೆನಲ್ಲ. ಟಿಪ್ಪು ಕೋಟೆ ಮಾಡಿಸುವಾಗ ಆ ಹಳೆಯ ನರಸಿಂಹ ಅಂಗಡಿ ಹೋಯಿತು. ಅದರ ಬದಲಿಗೆ ಜಮಾಲಾಬಾದ್ ಎಂಬ ಹೊಸ ಪೇಟೆ ಬಂತು. 1799ರಲ್ಲಿ ಕೊಡಗಿನ ರಾಜನ ದಾಳಿಯಲ್ಲಿ ಆ ಹೊಸ ಪೇಟೆಯೂ ಹಾಳಾಯಿತು. ಹಳೆಯ ಗೆಜೆಟಿಯರುಗಳು ಇದನ್ನು ಎರಡು ಮೂರು ಸಾಲಿನಲ್ಲಿ ಹೇಳುತ್ತವೆ. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಕನ್ನಡ ಜಿಲ್ಲೆ ಕಂಪನಿಗೆ ಸೇರಿತು. ಕೋಟೆಯನ್ನು ಕಂಪನಿಯವರು ಬಹಳ ಕಷ್ಟಪಟ್ಟು ಹಿಡಿದರು. ಮತ್ತೆ ಬಂಡಾಯಗಾರರು ಹಠಾತ್ತನೆ ನುಗ್ಗಿ ಕಿತ್ತುಕೊಂಡರು. ಮೂರು ತಿಂಗಳ ಮುತ್ತಿಗೆಯ ನಂತರ ಅದು ಪುನಃ ಕಂಪನಿಯ ಪಾಲಾಯಿತು.

ಐದಾರು ವರ್ಷಗಳೊಳಗೆ ಒಂದೇ ಜಾಗದಲ್ಲಿ ಎರಡು ಪೇಟೆಗಳು ಇಲ್ಲವಾದವು. ಪೇಟೆ ಎಂದರೆ ಏನು? ಎಣ್ಣೆ, ಉಪ್ಪು, ಬಟ್ಟೆ, ಮಡಕೆ ಮಾರುವವರು, ಅಕ್ಕಿ ಕುಟ್ಟುವವರು, ಹೂ ಕಟ್ಟುವವರು, ಬಾಣಂತಿಯರು, ಮುದುಕರು. ಒಂದು ಸಲ ಗಂಟುಮೂಟೆ ಕಟ್ಟಿ ಹೊರಟವರಲ್ಲಿ ಕೆಲವರಾದರೂ ಹೊಸ ಪೇಟೆಗೆ ಬಂದು ಒಲೆ ಹಾಕಿರಬೇಕು. ಮತ್ತೆ ಐದು ವರ್ಷಕ್ಕೆ ಆ ಒಲೆಯೂ ಹೋಯಿತು. ಒಂದು ಪೇಟೆಯನ್ನು ತೆಗೆಸಿದವನು ಸುಲ್ತಾನ, ಇನ್ನೊಂದನ್ನು ಹಾಳು ಮಾಡಿದವನು ಹಿಂದೂ ರಾಜ. ಬುಡದಲ್ಲಿದ್ದವರಿಗೆ ಇದರಲ್ಲಿ ಏನು ವ್ಯತ್ಯಾಸ? ನರಸಿಂಹಗಡದ ಪಕ್ಷದವರು ಮೊದಲನೆಯದನ್ನು ಮಾತ್ರ ಬರೆಯುತ್ತಾರೆ, ಜಮಾಲಾಬಾದಿನ ಪಕ್ಷದವರು ಎರಡನ್ನೂ ಬಿಡುತ್ತಾರೆ, ಪ್ರಕೃತಿಯ ಪಕ್ಷದವರಿಗೆ ಸೂರ್ಯಾಸ್ತ ಸಾಕು. ಹೀಗೆ ಮೂರು ಬಗೆಯ ಲೇಖಕರೂ ಸೇರಿ ಆ ಪೇಟೆಯನ್ನು ಮೂರನೆಯ ಸಲ ಇಲ್ಲವಾಗಿಸಿದ್ದಾರೆ.

ಇದಕ್ಕಿಂತ ಬೇರೆ ರೀತಿಯಲ್ಲಿ ಬರೆಯಲು ಸಾಧ್ಯವೇ ಎಂದರೆ, ಸಾಧ್ಯವಿದೆ. ಹಳೆಯ ಇಬ್ಬರು ಪರದೇಶಿಗಳ ಬರಹ ನೋಡಿ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲಬಾರು ಪ್ರಾಂತಗಳನ್ನೆಲ್ಲ ಸುತ್ತಿದ. 1801ರಲ್ಲಿ ಈ ಕಲ್ಲಿನ ಬುಡಕ್ಕೂ ಬಂದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅವನಿಗೆ ಬೆಟ್ಟ ಕಂಡು ಉಬ್ಬಿಹೋಗುವ ಅಭ್ಯಾಸವಿಲ್ಲ. ಯಾವ ಗದ್ದೆಗೆ ಎಷ್ಟು ಬೆಳೆ, ಎಷ್ಟು ಬೀಜ, ಆಳಿಗೆ ಎಷ್ಟು ಕೂಲಿ, ಅಡಿಕೆಗೆ ಏನು ಬೆಲೆ, ಇಂಥವನ್ನೇ ವಿಚಾರಿಸುತ್ತ ಹೋಗುತ್ತಾನೆ. ಅದು ತೆರಿಗೆ ಎತ್ತುವವರ ಕಣ್ಣು ಎಂಬುದನ್ನು ಮರೆಯಬಾರದು. ಎಷ್ಟು ಹಾಲು ಕೊಡುತ್ತದೆ ಎಂದು ಹಸುವನ್ನು ನೋಡಿದ ಹಾಗೆ ಅವನು ನಾಡನ್ನು ನೋಡಿದ. ಆದರೂ ಅವನ ಬರಹದಲ್ಲಿ ಬೆಟ್ಟದ ಬುಡ ಬರಿದಾಗಿಲ್ಲ, ಅಲ್ಲಿ ಉಳುವವರಿದ್ದಾರೆ. ನಮ್ಮವರ ಪ್ರೀತಿಯ ಬರಹದಲ್ಲಿ ಇಲ್ಲದ ಜನ ಅವನ ಲೆಕ್ಕದ ಪುಸ್ತಕದಲ್ಲಿ ಸಿಗುತ್ತಾರೆಂದರೆ ನಾಚಿಕೆಪಡಬೇಕಾದವರು ಯಾರು?

ಇನ್ನೊಬ್ಬ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ. 1623ರ ಡಿಸೆಂಬರಿನಲ್ಲಿ ಮಂಗಳೂರಿಗೆ ಬಂದು ನಮ್ಮ ಕದ್ರಿ ಗುಡ್ಡವನ್ನು ಹತ್ತಿದ. ಆಗ ಅದು ಪಟ್ಟಣದ ನಡುವಿನ ಗುಡ್ಡವಲ್ಲ, ಹಳ್ಳಿಗಾಡು. ಕದ್ರಿಯ ದೇವಸ್ಥಾನದಲ್ಲಿ 968ನೆಯ ಇಸವಿಯ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಆಳುಪರ ಕುಂದವರ್ಮನ ಕಾಲದ್ದು. ಹಾಗಾಗಿ ದೆಲ್ಲಾ ವಲ್ಲೆ ಬರುವಾಗಲೇ ಆ ಗುಡ್ಡ ಬಹು ಹಳೆಯ ಕ್ಷೇತ್ರ. ಅವನು ಗುಡಿಯನ್ನು, ಕೆರೆಯನ್ನು, ದಾರಿಯನ್ನು ವಿವರಿಸುತ್ತಾನೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಜೋಗಿಗಳ ಅರಸನನ್ನು ನೋಡಲು ಹೋಗಿ, ರೈತನ ಹಾಗೆ ಕೆಲಸದಲ್ಲಿ ತೊಡಗಿದ್ದ ಬಿಳಿಗಡ್ಡದ ಮುದುಕನನ್ನು ಕಂಡದ್ದನ್ನೂ, ಅವನ ಕಿವಿಯ ಗುಂಡುಗಳನ್ನೂ, ತಲೆಯ ಮೇಲಿನ ಕೆಂಪು ಟೊಪ್ಪಿಯನ್ನೂ ಬರೆದಿಟ್ಟಿದ್ದಾನೆ. ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನೂ ಕಂಡ. ಅವಳು ತಾನು ಅಗೆಸುತ್ತಿದ್ದ ತೋಡುಗಳನ್ನು ನೋಡಲು ಬರಿಗಾಲಿನಲ್ಲಿ ನಡೆದು ಬಂದಿದ್ದಳು. ನೋಡಿದರೆ ಅಡಿಗೆಯವಳೋ ಬಟ್ಟೆ ಒಗೆಯುವವಳೋ ಅನ್ನಬೇಕು ಎಂದು ಅವನು ಹಗುರಾಗಿ ಬರೆಯುತ್ತಾನೆ. ಆದರೆ ಅವಳು ಮಾತಾಡಲು ಶುರು ಮಾಡಿದ ಮೇಲೆ, ದನಿಯಲ್ಲಿ ಗಾಂಭೀರ್ಯವಿದೆ, ಮಾತಿನಲ್ಲಿ ವಿವೇಕವಿದೆ ಎಂದು ಒಪ್ಪುತ್ತಾನೆ.

ನನಗೆ ಈ ಭಾಗ ಬಹಳ ಇಷ್ಟ. ದೆಲ್ಲಾ ವಲ್ಲೆಗೆ ತನ್ನ ದೇಶದ ಸೊಕ್ಕಿದೆ, ಅಡಿಗೆಯವಳೆಂದರೆ ಕೀಳು ಎಂಬ ಭಾವನೆಯಿದೆ. ಆದರೂ ಕಿವಿಗೊಟ್ಟು ಕೇಳಿದ, ಕೇಳಿದ ಮೇಲೆ ಕಣ್ಣು ಹೇಳಿದ್ದನ್ನು ತಿದ್ದಿಕೊಂಡ. ಪ್ರವಾಸದ ಬರಹಕ್ಕೆ ಬೇಕಾದ ಗುಣ ಇದೇ. ನಮ್ಮ ಲೇಖನಗಳಲ್ಲಿ ಕಣ್ಣು ಮಾತ್ರ ಇದೆ, ಕಿವಿಯಿಲ್ಲ. ಗಡಾಯಿಕಲ್ಲಿನ ಬುಡದ ಮನೆಯವರೊಡನೆ ಹತ್ತು ನಿಮಿಷ ಮಾತಾಡಿದವರ ಲೇಖನವನ್ನು ನಾನಿನ್ನೂ ಓದಬೇಕಾಗಿದೆ. ಉದ್ಯಾನದ ಅಂಚಿನ ಊರುಗಳಲ್ಲಿ ಮಲೆಕುಡಿಯರು ತಲೆತಲಾಂತರದಿಂದ ಇದ್ದಾರೆ. ಕಾಡು ‘ರಾಷ್ಟ್ರೀಯ’ವಾದ ಮೇಲೆ ಅವರ ಸೌದೆ, ಜೇನು, ದಾರಿ ಏನಾಯಿತು ಎಂಬುದೂ ಆ ನಾಡಿನ ಚರಿತ್ರೆಯೇ. ಅದು ‘ಪ್ರಕೃತಿಯ ಮಡಿಲು’ ಎಂಬ ಮಾತಿನೊಳಗೆ ಹಿಡಿಸುವುದಿಲ್ಲ.

ಪರದೇಶಿಗಳೇ ಬೇಕೆಂದಿಲ್ಲ. ನಮ್ಮ ಶಿವರಾಮ ಕಾರಂತರ ‘ಬೆಟ್ಟದ ಜೀವ’ 1943ರಲ್ಲಿ ಬಂತು. ಸುಬ್ರಹ್ಮಣ್ಯದ ಕಡೆಯ ಬೆಟ್ಟಗಳ ನಡುವಿನ ಕತೆ. ಅಲ್ಲಿಯೂ ಚೆಲುವಿದೆ, ಬೇಕಾದಷ್ಟಿದೆ. ಆದರೆ ಗೋಪಾಲಯ್ಯನಿಗೆ ಬೆಟ್ಟವೆಂದರೆ ನೀರು ಎಲ್ಲಿಂದ ಬರುತ್ತದೆ, ಯಾವ ಇಳಿಜಾರಿನಲ್ಲಿ ಅಡಿಕೆ ನಿಲ್ಲುತ್ತದೆ, ಆನೆ ಯಾವ ಕಡೆಯಿಂದ ನುಗ್ಗುತ್ತದೆ ಎಂಬುದು. ಮನೆ ಬಿಟ್ಟು ಹೋದ ಮಗನನ್ನು ನೆನೆದು ಕೊರಗುವ ಶಂಕರಮ್ಮನಿಗೆ ಅದೇ ಬೆಟ್ಟ ಬೇರೆಯೇ ಆಗಿ ಕಾಣುತ್ತದೆ. ಗಂಡ ಕಡಿದು ಕಟ್ಟಿದ ತೋಟವೆಲ್ಲ ಅವಳಿಗೆ ಮಗನಿಲ್ಲದ ಬಯಲು. ಒಂದೇ ಗುಡ್ಡವನ್ನು ಒಂದೇ ಮನೆಯ ಇಬ್ಬರು ಎರಡಾಗಿ ನೋಡುತ್ತಾರೆ ಎಂಬುದನ್ನು ಕಾರಂತರು ಹೇಳದೆಯೇ ತೋರಿಸಿದ್ದಾರೆ. ಪ್ರಕೃತಿಯನ್ನು ಹೊಗಳುವ ಹತ್ತು ಲೇಖನಗಳು ಒಟ್ಟಾಗಿ ಇಷ್ಟು ಮಾಡಲಾರವು.

ಅವರ ‘ಮೂಕಜ್ಜಿಯ ಕನಸುಗಳು’ 1968ರದ್ದು. ಅದಕ್ಕೆ ಜ್ಞಾನಪೀಠ ಪ್ರಶಸ್ತಿ ಬಂದಿತು. ಅಲ್ಲಿನ ಮೂಕಜ್ಜಿ ಬಾಲವಿಧವೆ. ಊರು ಬಿಟ್ಟು ಹೋದವಳಲ್ಲ, ಬೆಟ್ಟ ಹತ್ತಿ ಫೋಟೋ ತೆಗೆಸಿಕೊಂಡವಳೂ ಅಲ್ಲ. ಮೊಮ್ಮಗ ಸುಬ್ಬರಾಯ ಗುಹೆಯಿಂದ ತಂದ ಹಳೆಯ ಚೂರುಗಳನ್ನು ಕೈಯಲ್ಲಿ ಹಿಡಿದು, ಇದನ್ನು ಬಳಸಿದವರು ಹೇಗೆ ಬದುಕಿದರು, ಏನನ್ನು ನಂಬಿದರು, ಯಾವುದಕ್ಕೆ ಹೆದರಿದರು ಎಂದು ಹೇಳುತ್ತಾಳೆ. ಅವಳಿಗಿದ್ದ ಶಕ್ತಿ ನಮಗಿಲ್ಲ, ಕಾದಂಬರಿಯಲ್ಲಿ ಮಾತ್ರ ಅದು ಸಾಧ್ಯ. ಆದರೆ ಅವಳು ಕೇಳುವ ಪ್ರಶ್ನೆ ನಮಗೆ ಸಾಧ್ಯವಿಲ್ಲದ್ದೇನಲ್ಲ. ಅವಳು ಯಾವ ಚೂರನ್ನು ಹಿಡಿದರೂ ‘ಇದು ಯಾವ ರಾಜನದು’ ಎಂದು ಮೊದಲು ಕೇಳುವುದಿಲ್ಲ. ಬದುಕಿದವರನ್ನು ಹುಡುಕುತ್ತಾಳೆ. ಅವಶೇಷಗಳನ್ನು ಓದಬೇಕಾದದ್ದು ಹಾಗೆ.

ನನ್ನ ತರಗತಿಯ ಒಬ್ಬ ಹುಡುಗಿ ಒಮ್ಮೆ ಗಡಾಯಿಕಲ್ಲಿಗೆ ಹೋಗಿ ಬಂದು ಅರ್ಧ ಪುಟ ಬರೆದಳು. ಅದರಲ್ಲಿ ‘ರಮಣೀಯ’ ಇರಲಿಲ್ಲ. ಮೇಲಿನ ಕೆರೆಯ ನೀರು ಹಸಿರಾಗಿತ್ತು, ಸಿಪಾಯಿಗಳು ಇದನ್ನೇ ಕುಡಿಯುತ್ತಿದ್ದರೇ, ಅಕ್ಕಿಯ ಮೂಟೆಯನ್ನು ಇಷ್ಟು ಮೆಟ್ಟಿಲು ಹೊತ್ತವರು ಯಾರು, ಅವರಿಗೆ ಗಂಜಿ ಬೇಯಿಸಿದವರು ಯಾರು ಎಂದು ಕೇಳಿದ್ದಳು. ಮೂರು ಕಡೆ ಕಾಗುಣಿತ ತಪ್ಪಿತ್ತು. ಮೂರು ತಿಂಗಳ ಮುತ್ತಿಗೆಯನ್ನು ಇದಕ್ಕಿಂತ ಚೆನ್ನಾಗಿ ಅರ್ಥಮಾಡಿಕೊಂಡ ಬರಹವನ್ನು ನಾನು ಅಚ್ಚಿನಲ್ಲಿ ಕಂಡಿಲ್ಲ. ಮುತ್ತಿಗೆ ಎಂದರೆ ಕತ್ತಿಯ ಕೆಲಸಕ್ಕಿಂತ ಹೆಚ್ಚಾಗಿ ಅಕ್ಕಿ ನೀರಿನ ಲೆಕ್ಕವಲ್ಲವೇ? ಆಟಿ ತಿಂಗಳಲ್ಲಿ ಅಕ್ಕಿಯ ಡಬ್ಬದ ತಳ ಕಂಡವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ಓದಿ, ಹಾಗಾದರೆ ಸೌಂದರ್ಯವನ್ನು ಬರೆಯಲೇಬಾರದೇ, ಬೆಟ್ಟಕ್ಕೆ ಹೋದರೆ ಸಂತೋಷಪಡಲೂಬಾರದೇ ಎಂದು ಕೆಲವರು ಸಿಟ್ಟಾಗಬಹುದು. ವರ್ಷಕ್ಕೊಮ್ಮೆ ಮನೆಯಿಂದ ಹೊರಬೀಳುವ ನಮ್ಮಂಥವರಿಗೆ ಆ ಗಾಳಿ ಬೇಕು. ಅದನ್ನು ಬೇಡವೆನ್ನುವಷ್ಟು ಒಣಗಿದವಳಲ್ಲ ನಾನು. ನಾನು ಹೇಳುವುದಿಷ್ಟೆ. ಮೇಲೆ ನಿಂತು ನೋಡಿದಾಗ ಕಾಣುವ ಹಸಿರು ತಾನಾಗಿ ಬೆಳೆದದ್ದಲ್ಲ. ಬೈಲು ಗದ್ದೆಯ ಹಸಿರು ನೇಜಿ ನೆಟ್ಟವರದು. ಅಡಿಕೆಯ ಹಸಿರು ಬೇಸಗೆಯಿಡೀ ನೀರು ಬಿಟ್ಟವರದು. ರಬ್ಬರಿನ ಹಸಿರು ಬೆಳಕು ಹರಿಯುವ ಮೊದಲು ತಲೆಗೆ ದೀಪ ಕಟ್ಟಿ ಮರ ಕೊರೆಯುವವರದು. ಘಟ್ಟದ ಕಡೆಗಿರುವ ಕಡುಹಸಿರೊಂದೇ ಕಾಡಿನದು, ಅದಕ್ಕೂ ಕಾದವರಿದ್ದಾರೆ, ಕಳಕೊಂಡವರಿದ್ದಾರೆ. ಇದು ಗೊತ್ತಿದ್ದರೆ ನೋಟದ ಚೆಲುವು ಕಡಿಮೆಯಾಗುತ್ತದೆಯೇ? ನನಗಂತೂ ಹಾಗೆ ಆಗಿಲ್ಲ.

ಆದ್ದರಿಂದ ಪುರವಣಿಗೆ ಬರೆಯುವ ನನ್ನ ಅಕ್ಕತಂಗಿಯರಲ್ಲಿ, ಈಗ ಬಹಳ ಮಂದಿ ಬರೆಯುತ್ತಿದ್ದೀರಿ, ಒಂದು ಕೋರಿಕೆ. ಮುಂದಿನ ಸಲ ಗಡಾಯಿಕಲ್ಲಿಗೋ ಇನ್ನಾವ ಗುಡ್ಡಕ್ಕೋ ಹೋದಾಗ ವ್ಯಾನಿನಿಂದಿಳಿದ ಕೂಡಲೇ ಹತ್ತಲು ಹೊರಡಬೇಡಿ. ಬುಡದ ಯಾವುದಾದರೂ ಮನೆಯ ಅಂಗಳಕ್ಕೆ ಹೋಗಿ ಕುಡಿಯಲು ನೀರು ಕೇಳಿ. ಬೆಲ್ಲವೂ ಸಿಗುತ್ತದೆ, ಮಾತೂ ಸಿಗುತ್ತದೆ. ಆ ಮನೆಯವರು ಈ ಕಲ್ಲನ್ನು ಏನೆಂದು ಕರೆಯುತ್ತಾರೆ, ಅವರ ಅಜ್ಜಿ ಇಲ್ಲಿಗೆ ಎಲ್ಲಿಂದ ಬಂದಳು, ಪೇಟೆಯಿದ್ದ ಜಾಗವನ್ನು ಯಾರಾದರೂ ತೋರಿಸಿದ್ದುಂಟೇ ಎಂದು ವಿಚಾರಿಸಿ. ಉತ್ತರ ಸಿಗದಿದ್ದರೂ ಪರವಾಗಿಲ್ಲ, ಕೇಳಿದ ಪ್ರಶ್ನೆಯನ್ನಾದರೂ ಬರೆಯಿರಿ. ಮೆಟ್ಟಿಲುಗಳ ಎಣಿಕೆ ಆಮೇಲೆ ಮಾಡಬಹುದು.